ಗಾಳದ ದುಡ್ಡು ಯಾರ ಬುಟ್ಟಿಗೆ?

(ಗಿರಣಿ ಕೆಲಸಗಾರರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಹೊತ್ತಿನ ವಿಷಯ ಏನೆಂದು ತಿಳಿದಾಗ ನಿಮ್ಮಲ್ಲಿ ಕೆಲವರು ನಕ್ಕರಂತೆ. ತುಟ್ಟಿಭತ್ಯದ ಮಾತು, ಬೋನಸ್ಸಿನ ಮಾತು, ಸಂತೆಯ ಸುಂಕದ ಮಾತು ಇಷ್ಟೆಲ್ಲ ಬಾಕಿ ಇರುವಾಗ, ಹೊತ್ತು ಹೋಗದೆ ಮೀನು ಹಿಡಿಯುವ ಶೋಕಿದಾರರ ಜಮಾಖರ್ಚು ನಮಗೇಕೆ ಎಂದು. ನಗುವವರು ನಗಲಿ. ಆದರೆ ಲೆಕ್ಕ ಬಲ್ಲ ಅಂಗಡಿಕಾರರು ಇಲ್ಲಿ ಬಹಳ ಮಂದಿ ಇದ್ದೀರಿ; ಒಂದು ಸಣ್ಣ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತೇವೆ.

ಹೊಟ್ಟೆಪಾಡಿಗಾಗಿ ಬಲೆ ಬೀಸುವ ಬೆಸ್ತನು ಮೀನನ್ನು ತೂಗಿ ಮಾರುತ್ತಾನೆ. ಕಿಲೋ ಒಂದಕ್ಕೆ ಇಷ್ಟು ಎಂದು ಪೇಟೆ ಗೊತ್ತುಮಾಡಿದ ದರವೇ ಅವನ ಆದಾಯ. ಹವ್ಯಾಸಕ್ಕೆ ಗಾಳ ಹಾಕುವವನು ಮಾರುವುದಿಲ್ಲ. ಎಷ್ಟೋ ಸಲ ತಿನ್ನುವುದೂ ಇಲ್ಲ. ಗಂಟೆಗಟ್ಟಲೆ ಕಾದು, ಮೀನನ್ನು ದಡಕ್ಕೆಳೆದು, ತೂಕ ನೋಡಿ, ಪಟ ತೆಗೆಸಿಕೊಂಡು ಮತ್ತೆ ನೀರಿಗೇ ಬಿಡುತ್ತಾನೆ. ಹೀಗೆ ಬಿಟ್ಟ ಒಂದು ಮೀನಿಗಾಗಿ ಅವನು ಮಾಡಿದ ಖರ್ಚು, ಬೆಸ್ತನು ಅದೇ ಮೀನನ್ನು ಮಾರಿ ಗಳಿಸುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಾಗಾದರೆ ಆ ಹಣ ಯಾವುದಕ್ಕೆ ಕೊಟ್ಟದ್ದು? ಯಾರ ಕೈಗೆ ಸೇರಿತು? ನಾವು ಕೇಳಬೇಕಾದ ಪ್ರಶ್ನೆ ಇದು.

ಇಂಥ ಲೆಕ್ಕವನ್ನು ಬಹುಕಾಲದಿಂದ ಇಟ್ಟುಕೊಂಡು ಬಂದಿರುವ ದೇಶ ಅಮೆರಿಕ. ಅಲ್ಲಿಯ ಸರ್ಕಾರ 2016ರಲ್ಲಿ ಮಾಡಿಸಿದ ಗಣತಿಯ ಪ್ರಕಾರ ಆ ವರ್ಷ 16 ವಯಸ್ಸು ದಾಟಿದ ಸುಮಾರು 3 ಕೋಟಿ 58 ಲಕ್ಷ ಜನ ಹವ್ಯಾಸಕ್ಕಾಗಿ ಮೀನು ಹಿಡಿದರು. ಅದಕ್ಕಾಗಿ ಅವರು ಮಾಡಿದ ಖರ್ಚು ಸುಮಾರು 4,610 ಕೋಟಿ ಡಾಲರು. ತಲೆಗೆ ಹೆಚ್ಚು ಕಡಿಮೆ 1,290 ಡಾಲರು ಬಿತ್ತು. ಇದರಲ್ಲಿ 2,170 ಕೋಟಿ ಹೋದದ್ದು ಪ್ರಯಾಣಕ್ಕೆ, ಊಟಕ್ಕೆ, ತಂಗುವುದಕ್ಕೆ, ದೋಣಿ ಬಾಡಿಗೆಗೆ, ಎರೆಗೆ, ಮಂಜುಗಡ್ಡೆಗೆ. 2,110 ಕೋಟಿ ಹೋದದ್ದು ಸಾಮಾನಿಗೆ: ಕೋಲು, ರೀಲು, ದಾರ, ಡೇರೆ, ಸ್ವಂತ ದೋಣಿ, ಅದನ್ನು ಎಳೆಯುವ ವಾಹನ. ಉಳಿದ ಚಿಲ್ಲರೆ 330 ಕೋಟಿ ಲೈಸೆನ್ಸು, ಸಂಘದ ವಂತಿಗೆ, ಪತ್ರಿಕೆ ಮುಂತಾದವಕ್ಕೆ. ಚಿಲ್ಲರೆ ಎಂದೆವು; ನಮ್ಮ ಪಾಲಿಗೆ ಅದೂ ಚಿಲ್ಲರೆಯಲ್ಲ, ಬಿಡಿ.

ಈ ಪಟ್ಟಿಯಲ್ಲಿ ಮೀನಿನ ಬೆಲೆ ಎಂಬುದೇ ಇಲ್ಲ ಎಂಬುದನ್ನು ಗಮನಿಸಿ. ಸುಮಾರು ಅರ್ಧ ಹಣ ದಾರಿಯಲ್ಲಿ ಚೆಲ್ಲುತ್ತದೆ: ಪೆಟ್ರೋಲು ಹಾಕುವವನ ಹತ್ತಿರ, ಹೋಟೆಲಿನವನ ಹತ್ತಿರ, ಎರೆಹುಳು ಮಾರುವ ಮುದುಕಿಯ ಹತ್ತಿರ. ಇನ್ನರ್ಧ ಬಹು ದೂರದ ಕಾರ್ಖಾನೆಗೆ ಹೋಗುತ್ತದೆ. ನದಿಯ ದಡದ ಊರಿಗೆ ಈ ಎರಡನೆಯ ಅರ್ಧದ ವಾಸನೆಯೂ ಬಡಿಯುವುದಿಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ಸೋರಿಕೆ ಎನ್ನುತ್ತಾರೆ. ತೂತು ಕೊಡದಲ್ಲಿ ನೀರು ಹೊತ್ತು ಬಲ್ಲ ನಮ್ಮ ಹೆಂಗಸರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾರ್ಖಾನೆ ಎಂದ ಮೇಲೆ ಅದರ ಕಡೆಗೂ ಸ್ವಲ್ಪ ಹೋಗಿಬರೋಣ. ಇಲ್ಲಿ ಕೆಲಸಗಾರರು ಕೂತಿದ್ದೀರಿ. ಇಂಗ್ಲೆಂಡಿನಲ್ಲಿ ರೆಡ್ಡಿಚ್ ಎಂಬ ಊರು. ಅದು ಹೊಲಿಗೆ ಸೂಜಿ ಮಾಡುವವರ ಊರು. ಸೂಜಿಯನ್ನು ಬಗ್ಗಿಸಿ ಮುಳ್ಳು ತೆಗೆದರೆ ಗಾಳವಾಗುತ್ತದೆ. ಆ ಕೈಗಳೇ ಗಾಳದ ಕಸುಬನ್ನೂ ಹಿಡಿದವು. ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಗಾಳ ಸಾಮಾನಿನ ಕಾರ್ಖಾನೆ ಎಂದು ಹೆಸರಾದ ಆಲ್‌ಕಾಕ್ ಕಂಪನಿ ಇದ್ದದ್ದು ಅಲ್ಲಿಯೇ. ಸ್ವೀಡನ್ ದೇಶದ ಅಬು ಕಂಪನಿಯ ಕಥೆಯೂ ಹೀಗೆಯೇ. 1921ರಲ್ಲಿ ಹುಟ್ಟಿದಾಗ ಅದು ಗಡಿಯಾರದ ಕಾರ್ಖಾನೆ, ಮುಂದೆ ಟ್ಯಾಕ್ಸಿ ಮೀಟರು ಮಾಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೀಟರು ಕೊಳ್ಳುವವರಿಲ್ಲದೆ ಮೀನಿನ ರೀಲಿನ ಕಡೆ ತಿರುಗಿತು. ನಮ್ಮ ಕಾವೇರಿಯ ದಡಕ್ಕೆ ಬಂದ ಬಿಳಿಯರ ಕೈಯಲ್ಲಿ ಈ ಅಬು ರೀಲುಗಳೇ ಇರುತ್ತಿದ್ದುದು ಹೆಚ್ಚು. ರೆಡ್ಡಿಚ್ಚಿನ ಆ ವೈಭವ ಈಗ ಇಲ್ಲ. ಅಬು ಅಮೆರಿಕದವರ ಒಡೆತನಕ್ಕೆ ಹೋಯಿತು. ಇಂದು ಗಾಳದ ಕೋಲು ರಾಶಿ ರಾಶಿಯಾಗಿ ಹೊರಡುವುದು ಚೀನಾದ ಶಾಂಡೊಂಗ್ ಪ್ರಾಂತ್ಯದ ವೈಹಾಯ್ ನಗರದಿಂದ. ಶೋಕಿ ಮಾತ್ರ ಇದ್ದಲ್ಲೇ ಇರುತ್ತದೆ. ಅದರ ಸಾಮಾನು ಮಾಡುವ ಕೆಲಸ, ಕೂಲಿ ಕಡಿಮೆ ಇರುವ ಕಡೆಗೆ ಗಾಡಿ ಹತ್ತುತ್ತದೆ.

ಗಾಳ ಹಾಕುವುದು ಉಳ್ಳವರ ಆಟ ಎಂದು ನಮ್ಮಲ್ಲಿ ಒಂದು ಭಾವನೆ ಇದೆ. ಅದು ಅರ್ಧ ನಿಜ. ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಮೀನು ಹಿಡಿಯುವ ಹಕ್ಕು ನೆಲದ ಹಕ್ಕಿನಿಂದ ಬೇರೆಯೇ ಆದ ಆಸ್ತಿ; ತಂದೆಯಿಂದ ಮಗನಿಗೆ ಇಳಿಯುತ್ತದೆ, ಮಾರಾಟವೂ ಆಗುತ್ತದೆ. ಹೊಳೆಯ ಒಂದು ತಿರುವಿನಲ್ಲಿ ವಾರವೊಂದರ ಮಟ್ಟಿಗೆ ಗಾಳ ಹಾಕುವುದಕ್ಕೆ ಬಾಡಿಗೆ ಕೊಡಬೇಕು. ಆದರೆ ಅದೇ ದ್ವೀಪದ ಶೆಫೀಲ್ಡಿನಲ್ಲಿ ನಡೆದದ್ದೇ ಬೇರೆ. ಚಾಕು, ಕತ್ತರಿ, ಉಕ್ಕಿನ ಊರು ಅದು. ಸಾಣೆ ಕಲ್ಲಿನ ಧೂಳು ಕುಡಿದು ವಾರವೆಲ್ಲ ದುಡಿದ ಕೆಲಸಗಾರರು ಹೆಂಡದಂಗಡಿಗಳಲ್ಲೇ ಗಾಳದ ಸಂಘ ಕಟ್ಟಿಕೊಂಡು, ವಾರಕ್ಕಿಷ್ಟು ಪೆನ್ನಿ ಕೂಡಿಹಾಕಿ, ರಜೆಯ ದಿನ ಅಗ್ಗದ ಟಿಕೇಟಿನ ರೈಲಿನಲ್ಲಿ ಲಿಂಕನ್‌ಶೈರಿನ ಕಾಲುವೆಗಳಿಗೆ ಹೋಗಿ ಸಾಲಾಗಿ ಕೂರುತ್ತಿದ್ದರು. ಪಂದ್ಯ ಕಟ್ಟುತ್ತಿದ್ದರು. ಒಬ್ಬೊಬ್ಬನ ಖರ್ಚು ಅಲ್ಪ. ಆದರೆ ರೈಲು ತುಂಬ ಜನ. ಅದಕ್ಕಾಗಿಯೇ ರೈಲು ಕಂಪನಿಗಳು ಅವರಿಗೆ ಟಿಕೇಟಿನಲ್ಲಿ ಸೋಡಿ ಕೊಟ್ಟದ್ದು.

ಧನಿಕರ ಸಾಲ್ಮನ್ನಿಗೆ ಇಂಗ್ಲೆಂಡಿನಲ್ಲಿ 1861ರಲ್ಲೇ ಕಾನೂನಿನ ರಕ್ಷಣೆ ದೊರೆತಿತ್ತು. ಕೆಲಸಗಾರನು ಹಿಡಿಯುವ ಸಾದಾ ಮೀನನ್ನು ಕೇಳುವವರಿರಲಿಲ್ಲ. ಮೊಟ್ಟೆಯಿಡುವ ಕಾಲದಲ್ಲೂ ಅದನ್ನು ಬಾಚಿಕೊಳ್ಳುತ್ತಿದ್ದರು. ಇದನ್ನು ನಿಲ್ಲಿಸಬೇಕೆಂದು ಶೆಫೀಲ್ಡಿನ ಗಾಳದ ಸಂಘಗಳೇ ಒತ್ತಾಯ ಹೂಡಿದವು. ಆ ಊರಿನ ಪಾರ್ಲಿಮೆಂಟ್ ಸದಸ್ಯ ಮುಂಡೆಲಾ ಎಂಬವರು 1878ರಲ್ಲಿ ಕಾಯಿದೆ ತಂದರು. ಮಾರ್ಚ್ 15ರಿಂದ ಜೂನ್ 15ರವರೆಗೆ ಗಾಳ ಹಾಕಕೂಡದು. ಇಂಗ್ಲೆಂಡಿನ ನದಿಗಳಲ್ಲಿ ಈ ನಿಯಮ ಇಂದಿಗೂ ನಡೆದುಬಂದಿದೆ. ಮೂರು ತಿಂಗಳು ತಮ್ಮ ಆಟ ತಾವೇ ನಿಲ್ಲಿಸಿಕೊಳ್ಳುವುದಕ್ಕೆ ಕಾನೂನು ಬೇಡಿದವರು ಸಾಣೆ ಹಿಡಿಯುವವರು, ಜಮೀನುದಾರರಲ್ಲ ಎಂಬುದು ನಮಗೆ ಬಹಳ ಮೆಚ್ಚುಗೆಯಾದ ಸಂಗತಿ.

ಇನ್ನು ಅಮೆರಿಕದವರು 1950ರಲ್ಲಿ ಮಾಡಿದ ಒಂದು ಏರ್ಪಾಡು. ಕೋಲು, ರೀಲು, ಕೃತಕ ಎರೆ ಇವುಗಳ ಮೇಲೆ ಶೇಕಡಾ 10ರಂತೆ ತಯಾರಕನ ಹಂತದಲ್ಲೇ ವಸೂಲಾಗುತ್ತಿದ್ದ ತೆರಿಗೆಯನ್ನು ನೀರಿಗೇ ಮೀಸಲಾಗಿಟ್ಟರು. 1984ರಲ್ಲಿ ಅದನ್ನು ವಿಸ್ತರಿಸಿ ಇನ್ನೂ ಹೆಚ್ಚು ಸಾಮಾನನ್ನೂ ಮೋಟಾರು ದೋಣಿಯ ಇಂಧನದ ತೆರಿಗೆಯನ್ನೂ ಸೇರಿಸಿದರು. ಆ ಹಣ ಸಂಸ್ಥಾನಗಳಿಗೆ ಹಂಚಿಕೆಯಾಗುತ್ತದೆ: ಶೇಕಡಾ 60 ಭಾಗ ಲೈಸೆನ್ಸುದಾರರ ಸಂಖ್ಯೆಯನ್ನು ನೋಡಿ, 40 ಭಾಗ ವಿಸ್ತೀರ್ಣವನ್ನು ನೋಡಿ. ಗಾಳದ ಲೈಸೆನ್ಸಿನಿಂದ ಬಂದ ಹಣವನ್ನು ಬೇರೆ ಬಾಬಿಗೆ ತಿರುಗಿಸಿದ ಸಂಸ್ಥಾನಕ್ಕೆ ಈ ಪಾಲಿಲ್ಲ. ರಸ್ತೆಗೆ, ಮಂತ್ರಿಯ ಕಾರಿಗೆ, ಸಮಾರಂಭಕ್ಕೆ ಆ ಹಣ ಹರಿಯುವಂತಿಲ್ಲ. ಬಂಡವಾಳಗಾರರ ದೇಶವೇ ಆಗಿರಲಿ, ಈ ಒಂದು ಲೆಕ್ಕದ ಶಿಸ್ತನ್ನು ಒಪ್ಪಿಕೊಳ್ಳಲೇಬೇಕು.

ಈಗ ನಮ್ಮ ಕಾವೇರಿಗೆ ಬರೋಣ.

ಶಿವನಸಮುದ್ರದಿಂದ ಕೆಳಗೆ, ಮುತ್ತತ್ತಿ, ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಎಂದು ಮುಂದೆ ಹೋಗುವ ಬಂಡೆಗಲ್ಲಿನ ಕಾವೇರಿಯಲ್ಲಿ ಮಹಶೀರ ಎಂಬ ಮೀನಿದೆ. ನಮ್ಮವರು ಬಿಳಿಮೀನು ಎನ್ನುತ್ತಾರೆ. ಬೆನ್ನು ಗೂನಾದ ಕಾವೇರಿಯ ಜಾತಿ ಜಗತ್ತಿನಲ್ಲೇ ಅತಿ ದೊಡ್ಡದಾಗಿ ಬೆಳೆಯುವ ಮಹಶೀರಗಳಲ್ಲಿ ಒಂದು. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿ ಭಾರತದಲ್ಲಿ ಗಾಳ ಹಾಕುವ ಬಗೆಯನ್ನು ಕುರಿತು ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅದನ್ನು ಓದಿಕೊಂಡು ದೊರೆಗಳೆಲ್ಲ ಹೊಳೆಗೆ ಇಳಿದರು. ಮೈಸೂರಿನಲ್ಲಿ ಸತ್ತ ಹುಲಿಯನ್ನು ಜೀವಂತವೆನಿಸುವಂತೆ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರದ ತೂಕ 120 ಪೌಂಡು, ಎಂದರೆ ಸುಮಾರು 54 ಕಿಲೋ. ಆ ತೂಕಕ್ಕೆ ಇಂದಿಗೂ ಗಾಳದ ಲೋಕದಲ್ಲಿ ಹೆಸರಿದೆ.

ಸ್ವಾತಂತ್ರ್ಯ ಬಂದಿತು, ದೊರೆಗಳು ಹೋದರು, ಆ ಮೀನು ಮುಗಿದೇ ಹೋಯಿತೆಂದು ಹೊರಗಿನವರು ಭಾವಿಸಿದ್ದರು. 1978ರ ಹೊತ್ತಿಗೆ ಇಂಗ್ಲೆಂಡಿನ ಮೂವರು ಯುವಕರು ಬಂದು ಕಾವೇರಿಯಲ್ಲಿ ದೊಡ್ಡ ದೊಡ್ಡ ಮೀನುಗಳನ್ನು ಹಿಡಿದು ತೋರಿಸಿದರು. ಸುದ್ದಿ ಹಬ್ಬಿತು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘವು ನದಿಯ ಒಂದು ಭಾಗವನ್ನು ಸರ್ಕಾರದಿಂದ ಗುತ್ತಿಗೆ ಹಿಡಿದು ಕಾವಲಿಟ್ಟಿತ್ತು. ಆಮೇಲೆ ರಾಜ್ಯ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ ಮುಂತಾದ ಕಡೆ ಬಿಡಾರ ಹೂಡಿತು. ಯೂರೋಪಿನಿಂದ ಗಾಳದ ಭಕ್ತರು ಯಾತ್ರೆ ಬಂದರು.

ಇವರ ಖರ್ಚಿನ ದಾರಿಯನ್ನು ನೋಡಿ. ವಿಮಾನದ ಹಣ ವಿಮಾನದವರಿಗೆ. ಪ್ರವಾಸ ಗೊತ್ತುಮಾಡಿಕೊಟ್ಟ ಕಂಪನಿಯ ಕಮಿಷನ್ನು ಅವನ ಊರಿನಲ್ಲೇ ಉಳಿಯಿತು. ಕೋಲು, ರೀಲು ಪರದೇಶದ್ದು. ಬಿಡಾರದ ಬಾಡಿಗೆ ಬೆಂಗಳೂರಿನ ಕಛೇರಿಯ ಲೆಕ್ಕಕ್ಕೆ. ಹೊಳೆ ದಡದ ಹಳ್ಳಿಗೆ ಉಳಿದದ್ದೇನು? ಅಡಿಗೆಯವನ ಸಂಬಳ, ತೆಪ್ಪ ಹಾಕುವವನ ಕೂಲಿ, ಗಿಲ್ಲಿಯ ಕೂಲಿ, ಇನಾಮು. ಈ ಗಿಲ್ಲಿ ನಮ್ಮ ಚಿನ್ನಿದಾಂಡಿನ ಗಿಲ್ಲಿಯಲ್ಲ. ಸ್ಕಾಟ್ಲೆಂಡಿನ ಮಾತು, ಧಣಿಯ ಗಾಳ ಹೊರುವ ಆಳು ಎಂದರ್ಥ. ಅದರ ಜೊತೆಗೆ ಹಳ್ಳಿಯಿಂದ ಕೊಂಡದ್ದು ಇನ್ನೊಂದಿತ್ತು: ರಾಗಿ ಹಿಟ್ಟು. ಕಾವೇರಿಯ ಮಹಶೀರಕ್ಕೆ ಪ್ರಸಿದ್ಧವಾದ ಎರೆ, ಬೇಯಿಸಿ ನಾದಿದ ರಾಗಿ ಮುದ್ದೆಯ ಉಂಡೆ. ಸಾವಿರಾರು ಮೈಲಿ ದಾಟಿ ಬಂದ ದುಬಾರಿ ಸರಂಜಾಮಿನ ತುದಿಯಲ್ಲಿ, ಮೀನು ನಿಜವಾಗಿ ಬಾಯಿ ಹಾಕುತ್ತಿದ್ದುದು ನಮ್ಮ ಮಂಡ್ಯ ಕಡೆಯ ಮುದ್ದೆಗೆ! ಆ ಇಡೀ ಜಮಾಖರ್ಚಿನಲ್ಲಿ ಎಲ್ಲಕ್ಕಿಂತ ಅಗ್ಗದ ಬಾಬು ಅದೇ.

ಆದರೂ ಗಿಲ್ಲಿಗಳ ಕೆಲಸವನ್ನು ನಾವು ಹಗುರವಾಗಿ ಕಾಣುವಂತಿಲ್ಲ. ಅವರಲ್ಲಿ ಹಲವರು ಹಿಂದೆ ತೋಟಾ ಸಿಡಿಸಿ, ಬಲೆ ಹಾಕಿ ಕದ್ದು ಮೀನು ಹಿಡಿಯುತ್ತಿದ್ದವರೇ. ಯಾವ ಮಡುವಿನಲ್ಲಿ, ಯಾವ ಬಂಡೆಯ ಮರೆಯಲ್ಲಿ, ಯಾವ ಹೊತ್ತಿನಲ್ಲಿ ಮೀನು ಇರುತ್ತದೆಂಬುದು ಅವರಿಗೆ ಅಂಗೈ ನೆಲ್ಲಿ. ಅದೇ ವಿದ್ಯೆಗೆ ಬಿಡಾರ ಕೂಲಿ ಕೊಟ್ಟಾಗ ಅವರು ತೋಟಾ ಬಿಟ್ಟರು; ತೋಟಾ ಹಿಡಿದು ಬಂದವರನ್ನು ಅಟ್ಟಿದರು. ಒಂದು ತೋಟಾ ಸಿಡಿದರೆ ಮರಿಯಿಂದ ಮುದಿಯವರೆಗೆ ಮಡುವಿನ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತದೆ. ಇದನ್ನು ಕಂಡವರಿಗೆ, ಗಾಳದವನ ಕೂಲಿ ಹೊಳೆಗೆ ಏನು ಮಾಡಿತೆಂಬುದನ್ನು ವಿವರಿಸಬೇಕಾಗಿಲ್ಲ.

ಬಿಡಾರದವರು ಇನ್ನೊಂದು ಒಳ್ಳೆಯ ಕೆಲಸ ಮಾಡಿದರು. ಲೆಕ್ಕ ಬರೆದರು. ಗಾಳಿಬೋರೆಯ ದಾಖಲೆಗಳನ್ನು ಮುಂದೆ ವಿಜ್ಞಾನಿಗಳು ಕೂಡಿಸಿ ನೋಡಿದಾಗ, 1998ರಿಂದ 2012ರವರೆಗೆ 23,620 ಗಂಟೆ ಗಾಳ ಹಾಕಿ 6,161 ಮಹಶೀರಗಳನ್ನು ಹಿಡಿದು ಬಿಟ್ಟದ್ದು ಕಂಡುಬಂತು. ಒಂದು ಮೀನಿಗೆ ಹತ್ತಿರ ಹತ್ತಿರ ನಾಲ್ಕು ಗಂಟೆ. ಇದರಲ್ಲಿ 1 ಪೌಂಡಿನ ಮರಿಯೂ ಇತ್ತು, 104 ಪೌಂಡಿನ ದೈತ್ಯವೂ ಇತ್ತು. ವರ್ಷ ಹೋದಂತೆ ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರಿತು. ಎಲ್ಲರಿಗೂ ಸಂತೋಷ. ಆದರೆ ಜಾತಿ ಬಿಡಿಸಿ ನೋಡಿದಾಗ ಸಂತೋಷ ಇಳಿಯಿತು. ಹೆಚ್ಚಿದ್ದು ನೀಲಿ ರೆಕ್ಕೆಯ ಬೇರೆ ಮಹಶೀರ. ಅದು ಕೃಷ್ಣಾ ಕೊಳ್ಳದ ಕಡೆಯದು. ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮರಿ ಸಾಕಣೆ ಕೇಂದ್ರದಿಂದ ಬಂದ ಮರಿಗಳನ್ನು 1970ರ ದಶಕದಿಂದ ಕಾವೇರಿಗೆ ಬಿಟ್ಟಿದ್ದರು, ಮೀನು ಹೆಚ್ಚಲಿ ಎಂಬ ಒಳ್ಳೆಯ ಬುದ್ಧಿಯಿಂದಲೇ. ಬಂದವನು ಬೆಳೆದ, ಮನೆಯವನು, ನಮ್ಮ ಗೂನುಬೆನ್ನಿನ ಬಿಳಿಮೀನು, ಕುಗ್ಗುತ್ತಾ ಬಂತು. ಅಂಗಡಿಯ ಒಟ್ಟು ವ್ಯಾಪಾರ ಏರಿದೆಯೆಂದು ಹಿಗ್ಗುವವನು ಯಾವ ಸರಕು ಖಾಲಿಯಾಗುತ್ತಿದೆಯೆಂದು ನೋಡದಿದ್ದರೆ ಹೇಗೋ ಹಾಗೆ. ಲೋಕದ ಮೂಲೆ ಮೂಲೆಯಿಂದ ಹಣವಂತರನ್ನು ಕರೆತಂದ ಈ ಮೀನಿಗೆ ಶಾಸ್ತ್ರೀಯವಾದ ಹೆಸರು ಖಚಿತವಾದದ್ದೇ 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವರ್ಣಿಸಲ್ಪಟ್ಟ ಟಾರ್ ರೆಮಾದೇವಿಯೇ ಇದು ಎಂದು ಗೊತ್ತಾಯಿತು. ಹೆಸರು ಸಿಕ್ಕ ಅದೇ ವರ್ಷ, ತೀರ ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲೂ ಅದು ಸೇರಿತು.

ಈ ನಡುವೆ ಬಿಡಾರಗಳಿಗೆ ಕಾನೂನು ಅಡ್ಡ ಬಂತು. ಹೊಳೆಯ ಈ ಭಾಗ 1987ರಲ್ಲಿ ಕಾವೇರಿ ವನ್ಯಜೀವಿಧಾಮವೆಂದು ಘೋಷಿತವಾಗಿತ್ತು. 1972ರ ವನ್ಯಜೀವಿ ಕಾಯಿದೆಯಂತೆ ಅಭಯಧಾಮದೊಳಗೆ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ. ಹಿಡಿದು ಬಿಟ್ಟರೂ ಹಿಡಿದಂತೆಯೇ ಎಂದು ಅರ್ಥಮಾಡಲಾಯಿತು. 2012ರ ಹೊತ್ತಿಗೆ ಗಾಳ ಪೂರ್ತಿ ನಿಂತಿತು. ಕಾನೂನಿನ ಅಕ್ಷರಕ್ಕೆ ನಾವು ತಕರಾರು ತೆಗೆಯುವುದಿಲ್ಲ. ಆನೆ, ಕಡವೆ, ನೀರುನಾಯಿಗೆ ಇರುವ ರಕ್ಷಣೆ ಮೀನಿಗೇಕೆ ಬೇಡ ಎಂದು ಕೇಳಿದವರ ಮಾತು ನ್ಯಾಯವೇ. ಆದರೆ ಗಾಳದ ಜೊತೆಗೆ ಗಿಲ್ಲಿಯ ಕೂಲಿಯೂ ನಿಂತಿತು, ಲೆಕ್ಕದ ಪುಸ್ತಕವೂ ನಿಂತಿತು. ಭೀಮೇಶ್ವರಿ, ಗಾಳಿಬೋರೆಗಳ ಬಿಡಾರಗಳು ಇಂದಿಗೂ ಇವೆ; ಪ್ರಕೃತಿ ನೋಡುವವರು, ತೆಪ್ಪದಲ್ಲಿ ಸುತ್ತುವವರು ಬರುತ್ತಾರೆ. ಅಡಿಗೆಯವನಿಗೂ ತೆಪ್ಪದವನಿಗೂ ಕೆಲಸ ಉಂಟು. ಮೀನಿನ ಜಾಡು ಬಲ್ಲವನ ವಿದ್ಯೆಗೆ ಮಾತ್ರ ಅಲ್ಲಿ ಈಗ ಬೆಲೆಯಿಲ್ಲ. ಪೇಟೆಯಲ್ಲಿ ಗಿರಣಿ ಮುಚ್ಚಿದರೆ ನೋಟೀಸು, ಪರಿಹಾರ ಎಂದು ಕೇಳುವುದಕ್ಕೆ ನಮಗೊಂದು ಕಾನೂನಾದರೂ ಇದೆ. ಪರದೇಶದ ಯಾತ್ರಿಕನ ಇನಾಮಿನ ಮೇಲೆ ನಿಂತ ಬದುಕಿಗೆ ಯಾವ ಹಾಜರಿ ಪುಸ್ತಕ, ಯಾವ ಪ್ರಾವಿಡೆಂಟ್ ಫಂಡು?

ನಮ್ಮ ಅಭಿಪ್ರಾಯ ಇಷ್ಟು. ತಪ್ಪು ಗಾಳ ಇದ್ದದ್ದರಲ್ಲೂ ಅಲ್ಲ, ಗಾಳ ಹೋದದ್ದರಲ್ಲೂ ಅಲ್ಲ. ಬಂದ ಹಣದಲ್ಲಿ ಹೊಳೆಗೆ ಇಂತಿಷ್ಟು, ದಡದ ಹಳ್ಳಿಗೆ ಇಂತಿಷ್ಟು ಎಂದು ಕಾನೂನಿನಲ್ಲಿ ಬರೆದಿಡದೆ, ಎಲ್ಲವನ್ನೂ ಬಿಡಾರ ನಡೆಸುವವರ ಒಳ್ಳೆಯತನಕ್ಕೆ ಬಿಟ್ಟದ್ದು ತಪ್ಪು. ಹಾಗೆ ಬರೆದಿದ್ದರೆ ಗಾಳ ನಿಂತ ದಿನ ಕಾವಲು ನಿಲ್ಲುತ್ತಿರಲಿಲ್ಲ. ಕೂಡಿಟ್ಟ ನಿಧಿಯಿಂದ ಅದೇ ಗಿಲ್ಲಿಗಳನ್ನು ಮೀನು ಎಣಿಸುವುದಕ್ಕೆ, ಹೊಳೆ ಕಾಯುವುದಕ್ಕೆ ಇಟ್ಟುಕೊಳ್ಳಬಹುದಾಗಿತ್ತು. ನಮ್ಮಲ್ಲಿ ಗಾಳದ ಸಾಮಾನಿನ ಮೇಲಿನ ತೆರಿಗೆ ಸಾಮಾನ್ಯ ಖಜಾನೆಗೆ ಹೋಗಿ ಬೀಳುತ್ತದೆ. ಹೊಳೆಗೆ ಅದು ತಿರುಗಿ ಬರುವ ದಾರಿ ಯಾರೂ ಮಾಡಿಲ್ಲ.

ದೊಡ್ಡ ಖರ್ಚಿನ ಯಾತ್ರಿಕನಿಗಿಂತ ಸಣ್ಣ ಖರ್ಚಿನ ಯಾತ್ರಿಕನೇ ಊರಿಗೆ ಹೆಚ್ಚು ಕೊಟ್ಟು ಹೋಗುತ್ತಾನೆ ಎಂದು ನಮಗೆ ಅನಿಸಿದೆ. ಅದೇ ಹೊಳೆಯಲ್ಲಿ ಇನ್ನೂ ಕೆಳಗೆ ಹೊಗೇನಕಲ್ಲಿಗೆ ಹೋಗಿ ನೋಡಿ. ಬಸ್ಸಿನಲ್ಲಿ ಬಂದವರು ಹೊಳೆ ಮೀನು ಕೊಂಡು, ಅಲ್ಲೇ ಒಲೆ ಹೂಡಿರುವ ಹೆಂಗಸರ ಕೈಲಿ ಹುರಿಸಿ ತಿನ್ನುತ್ತಾರೆ, ಎಣ್ಣೆ ಹಚ್ಚಿಸಿಕೊಂಡು ನೀರಿಗೆ ಬೀಳುತ್ತಾರೆ, ತೆಪ್ಪ ಹತ್ತುತ್ತಾರೆ. ಆ ದುಡ್ಡು ಕೈಯಿಂದ ಕೈಗೆ, ಮಧ್ಯೆ ಕಮಿಷನ್ನು ತಿನ್ನುವವರು ಕಡಿಮೆ. ಇನ್ನು ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲಾ ಹೊಳೆಯಲ್ಲಿ ಮೀನು ಹಿಡಿಯುವಂತೆಯೇ ಇಲ್ಲ; ಅವು ದೇವರ ಮೀನು. ಬಂದವರು ಪುರಿ ಕೊಂಡು ನೀರಿಗೆ ಎರಚಿ, ಬಾಯಿ ತೆರೆದು ಮೇಲೇಳುವ ಮೀನನ್ನು ಕಂಡು ಹಿಗ್ಗಿ ಹೋಗುತ್ತಾರೆ. ಪುರಿ ಮಾರುವವನ ಬುಟ್ಟಿ ಸಂಜೆಗೆ ಖಾಲಿ. ಶಿಶಿಲದಲ್ಲಿ 1996ರಲ್ಲಿ ದುಷ್ಟರು ವಿಷ ಹಾಕಿ ಸಾವಿರಾರು ಮೀನುಗಳನ್ನು ಕೊಂದರು. ಸತ್ತ ಮೀನಿಗೆ ಊರಿನವರು ಸ್ಮಾರಕ ಕಟ್ಟಿದ್ದಾರೆ.

ನಮ್ಮ ಊರ ಕೆರೆಗಳ ಮಾತು ಹೇಳಿ ಮುಗಿಸುತ್ತೇವೆ. ಭಾನುವಾರ ಏರಿಯ ಮೇಲೆ ಬಿದಿರ ಕೋಲು ಹಿಡಿದು ಕೂರುವ ಗಿರಣಿಯ ಅಣ್ಣಂದಿರು ಈ ಸಭೆಯಲ್ಲೂ ಇದ್ದಾರೆ, ಮುಖ ನೋಡಿದರೆ ತಿಳಿಯುತ್ತದೆ. ಅವರ ಖರ್ಚು ಒಂದು ಗಾಳ, ಒಂದಷ್ಟು ದಾರ, ಬೀಡಿ ಕಟ್ಟು, ಒಂದೆರಡು ಚಹಾ. ಅಷ್ಟೂ ಇದೇ ಬೀದಿಯ ಅಂಗಡಿಗಳಿಗೆ ಬೀಳುತ್ತದೆ. ಆದರೆ ಕೆರೆಯ ಮೀನಿನ ಪಾಶುವಾರು ಗುತ್ತಿಗೆಗೆ ಹೋದಾಗ, ಗುತ್ತಿಗೆದಾರನು ದುಡ್ಡು ಕೊಟ್ಟು ಮರಿ ಬಿಟ್ಟವನು, ಏರಿಯ ಮೇಲೆ ಕೂತವನನ್ನು ಎಬ್ಬಿಸುತ್ತಾನೆ. ಅವನ ಕಷ್ಟವೂ ಸುಳ್ಳಲ್ಲ. ಶೆಫೀಲ್ಡಿನವರಂತೆ ಒಂದು ಗಾಳದ ಸಂಘ ಕಟ್ಟಿಕೊಂಡು, ವರ್ಷಕ್ಕಿಷ್ಟು ಎಂದು ಬೆಸ್ತರ ಸಹಕಾರ ಸಂಘಕ್ಕೆ ಕಟ್ಟಿ, ಭಾನುವಾರದ ಗಾಳಕ್ಕೆ ಚೀಟಿ ಪಡೆಯಬಹುದೇ ಎಂದು ಎರಡೂ ಕಡೆಯವರು ಕೂತು ಮಾತಾಡಬೇಕು. ಮುಂದಿನ ಸಲ ಪಾಶುವಾರಿನ ನೋಟೀಸು ಕಛೇರಿಯ ಗೋಡೆಗೆ ಅಂಟಿದಾಗ ನಮ್ಮಲ್ಲಿ ಯಾರಾದರೂ ಇಬ್ಬರು ಹೋಗಿ ಅದನ್ನು ಪೂರ್ತಿ ಓದಿ, ಷರತ್ತುಗಳನ್ನು ಬರೆದುಕೊಂಡು ಬರಲಿ.